ಕೊನೆಯ ವಿಮಾನದ ತೂಕ

ಮನಾಸೆ ಆ ಶನಿವಾರ ಮೊದಲು ತನ್ನನ್ನೇ ತೂಗಿಕೊಂಡ. ತೂಕದ ಯಂತ್ರದ ಮುಳ್ಳು ನೂರಾ ಹದಿನಾಲ್ಕು ಕಿಲೋಗೆ ಬಂದು ನಿಂತಿತು. ಹದಿನೆಂಟು ವರ್ಷ ಈ ಪುಟ್ಟ ದ್ವೀಪದ ಹುಲ್ಲಿನ ರನ್‌ವೇ ಪಕ್ಕದಲ್ಲಿ ನಿಂತು ಊರಿಗೆ ಊರನ್ನೇ ತೂಗಿ ವಿಮಾನ ಹತ್ತಿಸಿದವನು, ತಾನು ಮಾತ್ರ ಒಂದು ಸಲವೂ ಹತ್ತಿರಲಿಲ್ಲ. ಟೋಂಗಾ ದೇಶದ ಸ್ವಂತ ವಿಮಾನ ಕಂಪನಿ ಇವತ್ತಿಗೆ ಬಾಗಿಲು ಹಾಕುತ್ತಿತ್ತು. ಕೊನೆಯ ವಿಮಾನದಲ್ಲಿ ರಾಜಧಾನಿ ನೋಡಿಕೊಂಡು ಬಾ ಎಂದು ಕಂಪನಿಯವರೇ ಅವನಿಗೊಂದು ಸೀಟು ಕೊಟ್ಟಿದ್ದರು. ಕಂಪನಿಯ ಕರಿ ಬೂಟಿಗೆ ಅವನು ಬೆಳಗ್ಗೆ ಎರಡು ಸಲ ಪಾಲಿಶ್ ಹಾಕಿದ್ದ.

ಆರು ಪ್ರಯಾಣಿಕರು, ಪೈಲಟ್ ಹೆಪೆತಿ, ಗಂಟುಮೂಟೆ, ಇಂಧನ, ಕೊನೆಗೆ ತಾನು. ಎಲ್ಲ ಸೇರಿಸಿದ ಮೇಲೆ ಆ ಪುಟ್ಟ ವಿಮಾನ ಹೊರಬಹುದಾದ ಭಾರದ ಮಿತಿಗೆ ಐದು ಕಿಲೋ ಮಾತ್ರ ಉಳಿಯಿತು. ಅಷ್ಟರಲ್ಲಿ ಊರಿನವರು ಬಂದರು. ಮುಂದೆ ಅವನ ಸೋದರತ್ತೆ ಅನಸೇನಿ, ಹಿಂದೆ ಬೆಳಗ್ಗೆಯೇ ನೆಲದೊಲೆಯಿಂದ ತೆಗೆದ ಇಡೀ ಹಂದಿ, ನಾಲ್ಕು ಬುಟ್ಟಿ ಗೆಣಸು.

"ಇದು ಹೆಪೆತಿಗೆ. ಮಳೆಗಾಳಿ ಅನ್ನದೆ ನಮ್ಮ ರೋಗಿಗಳನ್ನ ಆಸ್ಪತ್ರೆಗೆ ಹೊತ್ತವನು. ಬರಿಗೈಲಿ ಕಳಿಸಿದ್ರೆ ಊರಿಗೇ ಮರ್ಯಾದೆ ಇಲ್ಲ," ಎಂದಳು ಅತ್ತೆ.

ಟೋಂಗಾದಲ್ಲಿ ಮನೆತನಕ್ಕೆಲ್ಲ ಅಪ್ಪನ ಅಕ್ಕನೇ ದೊಡ್ಡವಳು, ಅವಳು ಹೇಳಿದ ಮೇಲೆ ಮುಗಿಯಿತು. ಅವಳೆದುರು ರಾಜನ ಮಂತ್ರಿಯೂ ತಲೆ ತಗ್ಗಿಸಿ ಕೂರುವ ಅಳಿಯನೇ. ಈ ದ್ವೀಪದಲ್ಲಿ ಅನಸೇನಿಯ ಮಾತು ನಡೆಯದೆ ಇದ್ದದ್ದು ಒಂದೇ ಕಡೆ, ಮನಾಸೆಯ ತೂಕದ ಯಂತ್ರದ ಮುಂದೆ. ಪ್ರತಿ ಸಲ ಅವಳ ಗೆಣಸು ಕೆಳಗಿಳಿಯುತ್ತಿತ್ತು, ಪ್ರತಿ ಸಲ ಅವಳು ಅವನನ್ನು ಬೈದುಕೊಂಡೇ ವಿಮಾನ ಹತ್ತುತ್ತಿದ್ದಳು.

ಮನಾಸೆ ಹಂದಿಯನ್ನೂ ಬುಟ್ಟಿಗಳನ್ನೂ ತೂಗಿದ. ತೊಂಬತ್ತು ಕಿಲೋ. ಪಟ್ಟಿಯಲ್ಲಿದ್ದ ತನ್ನ ಹೆಸರಿನ ಮೇಲೆ ಒಂದು ಗೆರೆ ಎಳೆದು, ಬುಟ್ಟಿ ಹೊರಲು ಬಗ್ಗಿದ.

"ಏನೋ ಅದು, ಹೊಡೆದುಹಾಕಿದ್ದು?" ಅತ್ತೆಯ ಕಣ್ಣು ಹದ್ದಿನ ಕಣ್ಣು.

"ಏನಿಲ್ಲ ಅತ್ತೆ. ನಾನು ಮುಂದಿನದಕ್ಕೆ ಹೋಗ್ತೀನಿ."

"ಮುಂದಿನದು ಎಲ್ಲಿದೆ? ನಿಮ್ಮಪ್ಪ ಸಮುದ್ರದಿಂದ ವಿಮಾನ ಎತ್ತಿ ತರ್ತಾನಾ?" ಎಂದವಳು ಪೈಲಟ್ ಕಡೆ ತಿರುಗಿದಳು. "ಹೆಪೆತಿ, ಚಾಪೆ ಹಾಸಿದೀವಿ, ಕೂತ್ಕೋ. ವಿಮಾನದಲ್ಲಿ ಜಾಗ ಇಲ್ದಿದ್ರೆ ಬೇಡ. ಇಲ್ಲೇ ತಿಂದು ಹೋಗು."

ರನ್‌ವೇ ಪಕ್ಕದಲ್ಲೇ ಊಟವಾಯಿತು. ಹೆಪೆತಿ ತಿಂದ, ಪ್ರಯಾಣಿಕರು ತಿಂದರು, ಉಳಿದದ್ದನ್ನು ಊರು ತಿಂದಿತು. ಮನಾಸೆಗೆ ಸಾಕೆಂದರೂ ಅತ್ತೆ ಬಡಿಸುತ್ತಲೇ ಹೋದಳು. ಅವನೂ ಸಂತೋಷಕ್ಕೆ ಲೆಕ್ಕ ಮರೆತು ತಿಂದ. ಕೈ ತೊಳೆದ ಮೇಲೆ ಅವನಿಗೆ ನೆನಪಾಯಿತು.

"ಹೋಗೋರೆಲ್ಲ ಮತ್ತೆ ತೂಕಕ್ಕೆ ಬನ್ನಿ," ಎಂದ. ಊರೇ ಬಿದ್ದು ಬಿದ್ದು ನಕ್ಕಿತು. ಅವನು ನಗಲಿಲ್ಲ. ಒಬ್ಬೊಬ್ಬರನ್ನೂ ನಿಲ್ಲಿಸಿ ಬರೆದುಕೊಂಡು, ಕೊನೆಗೆ ತಾನೂ ಹತ್ತಿ ಇಳಿದ. ಕೂಡಿದ. ಮಿತಿಗಿಂತ ಒಂದು ಕಿಲೋ ಹೆಚ್ಚು.

"ಒಂದು ಕಿಲೋ ತಾನೆ. ಬಾರೋ, ನಾನಿದ್ದೀನಿ," ಎಂದ ಹೆಪೆತಿ.

"ಒಂದು ಕಿಲೋಗೆ ಅಂತಲೇ ಎಷ್ಟು ಸಲ ಅತ್ತೆ ಗೆಣಸು ಇಳಿಸಿದೀನಿ. ಇವತ್ತು ನನಗೆ ಬೇರೆ ಲೆಕ್ಕ ಹಾಕಿದ್ರೆ ಇವರ ಮುಖ ಹೇಗೆ ನೋಡ್ಲಿ?" ಮನಾಸೆಯ ದನಿ ಸಣ್ಣಗಾಗಿತ್ತು. ಈಗ ತಾನೆ ಬರೆದ ತನ್ನ ತೂಕವನ್ನು ಹೊಡೆದುಹಾಕಲು ಅವನು ಪೆನ್ನು ತೆಗೆದ.

"ತಾಳು," ಎಂದಳು ಅನಸೇನಿ. "ಮೊನ್ನೆ ಸುಗ್ಗೀಲಿ ನನ್ನ ಎರಡು ಬುಟ್ಟಿ ಇಳಿಸಿದ್ಯಲ್ಲ, ಆ ಜಾಗದಲ್ಲಿ ಯಾರನ್ನ ಮಲಗಿಸಿದೆ?"

"ನಿಮ್ಮ ಮೊಮ್ಮಗನನ್ನ."

"ಹೊಟ್ಟೆ ನೋವಿಗೆ ಸಾಯ್ತಿದ್ದ. ಈಗ ನೋಡು, ಅಲ್ಲಿ ಹಂದಿ ಮೂಳೆ ಕಡೀತಾ ಇದಾನೆ. ಅವತ್ತೂ ನಿನ್ನ ಬೈದೆ ನಾನು. ಹೊತ್ತವನಿಗೆ ಹಂದಿ ತಂದ್ವಿ. ಜಾಗ ಮಾಡಿಕೊಟ್ಟವನಿಗೆ ಏನೂ ತರ್ಲಿಲ್ಲ."

ಹಾಗೆಂದವಳು ಮಂಡಿಯೂರಿ ಕುಳಿತು ಅವನ ಬೂಟಿನ ದಾರಕ್ಕೆ ಕೈ ಹಾಕಿದಳು. ಸೋದರತ್ತೆ ಅಳಿಯನ ಕಾಲ ಬಳಿ ಕೂರುವುದನ್ನು ಆ ದ್ವೀಪದಲ್ಲಿ ಯಾರೂ ಕಂಡಿರಲಿಲ್ಲ. ಮನಾಸೆ ಬೆಂಕಿ ತುಳಿದವನಂತೆ ಹಿಂದೆ ಸರಿದ.

"ಬೇಡ ಅತ್ತೆ, ಪಾಪ ಬರುತ್ತೆ."

"ಅತ್ತೆ ಹೇಳ್ತಿದೀನಿ, ಕಾಲು ಚಾಚು."

ಅವನು ಚಾಚಿದ. ಅವಳು ಎರಡೂ ಬೂಟುಗಳನ್ನು ಎಳೆದು ತೆಗೆದಳು. ಮನಾಸೆ ಕಣ್ಣೊರೆಸಿಕೊಳ್ಳುತ್ತಲೇ ಬರಿಗಾಲಲ್ಲಿ ಯಂತ್ರದ ಮೇಲೆ ನಿಂತ, ಮುಳ್ಳು ನೋಡಿದ, ಮತ್ತೆ ಕೂಡಿದ. ಸರಿಹೋಗಿತ್ತು. ಗೆರೆ ಎಳೆದಿದ್ದ ಹೆಸರಿನ ಕೆಳಗೆ ಅದೇ ಹೆಸರನ್ನು ಇನ್ನೊಮ್ಮೆ ಬರೆದ.

"ಬೂಟು ನನ್ನ ಹತ್ರ ಇರ್ಲಿ. ದೋಣೀಲಿ ವಾಪಸ್ ಬರ್ತೀಯಲ್ಲ, ಆಗ ಕೊಡ್ತೀನಿ," ಎಂದಳು ಅತ್ತೆ.

ವಿಮಾನ ತೆಂಗಿನ ಮರಗಳನ್ನು ದಾಟಿ ಒಂದು ಸುತ್ತು ಹೊಡೆಯಿತು. ಮನಾಸೆ ಕಿಟಕಿಗೆ ಹಣೆ ಒತ್ತಿ ಕೆಳಗೆ ನೋಡಿದ. ಅನಸೇನಿ ಅತ್ತೆ ಅವನ ಬೂಟುಗಳನ್ನು ಎದೆಗವಚಿಕೊಂಡು ತೂಕದ ಯಂತ್ರದ ಮೇಲೆ ನಿಂತಿದ್ದಳು. ಎಷ್ಟಾಯಿತೆಂದು ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.