ಹೋಗಿ ಬರುವ ರೆಕ್ಕೆ

ಬೆಳಿಗ್ಗೆ ಎಂಟು ಗಂಟೆಗೆ ಶಂಕ್ರವ್ವ ಮತ್ತೊಮ್ಮೆ ಹಾರಿ, ಮತ್ತೆ ಹೊರಟ ಜಾಗಕ್ಕೇ ಬಂದಿಳಿದಳು.

ಬಾಗಲಕೋಟೆಯ ಸಮುದಾಯ ಕಾಲೇಜಿನ ಚಳಿಗಾಲದ ಕಿರು ಕೋರ್ಸುಗಳಲ್ಲಿ ಹೊಲಿಗೆ, ಬೇಕರಿ ಕೆಲಸದ ಜೊತೆ ರೆಕ್ಕೆ ಕಟ್ಟಿಕೊಂಡು ಹಾರುವುದೂ ಇತ್ತು. ಅಂದು ಅದರ ಪರೀಕ್ಷೆ. ಹಿನ್ನೀರು ದಾಟಿದವರು ಪಾಸು. ಆಚೆ ದಡದಲ್ಲಿ ಶಂಕ್ರವ್ವನ ತಂಗಿಯ ಮನೆಯಿತ್ತು. ತಂಗಿಯ ಮೊಮ್ಮಗಳನ್ನು ಅಂದೇ ಮಧ್ಯಾಹ್ನ ತೊಟ್ಟಿಲಿಗೆ ಹಾಕುವವರಿದ್ದರು. ದೋಣಿ ಕೆಟ್ಟು ನಿಂತಿತ್ತು.

“ಯವ್ವಾ, ರೆಕ್ಕಿ ನೀವು ಅಂದಂಗ ಕೇಳ್ತದ,” ಎಂದರು ಹಾರಲು ಕಲಿಸುವ ಮೈಬೂಬ ಮಾಸ್ತರರು. “‘ಹೋಗಿ ಬರ್ತೀನಿ’ ಅಂದ್ರ ಹೋಗಿ ಬಂದೇ ಬಿಡ್ತದ. ಬರೇ ‘ಹೋಗ್ತೀನಿ’ ಅನ್ರಿ.”

“ಬಿಡ್ತು ಅನ್ರಿ! ಹಂಗ ಅನ್ನಾಕ ನಾ ಏನ್ ಸಾಯಾಕ ಹೊಂಟೀನೇನ್ರಿ?”

ಸಾಲಿನಲ್ಲಿ ನಿಂತವರೆಲ್ಲ ನಕ್ಕರು.

“ನಗಬ್ಯಾಡ್ರಿ. ನೀವರ ಯಾರು ಅಂತೀರಿ, ಅಂದು ತೋರಸ್ರಿ!”

ಯಾರೂ ಅನ್ನಲಿಲ್ಲ. ಆಕೆಗೆ ಇನ್ನೊಂದೇ ಅವಕಾಶ ಉಳಿದಿತ್ತು. ಶಂಕ್ರವ್ವ ಸೆರಗು ಸಿಕ್ಕಿಸಿಕೊಂಡು, ಆಚೆ ದಡದ ಕಡೆ ಮುಖ ಮಾಡಿ ಕೂಗಿದಳು: “ತಂಗೀ, ಬಂದ್ನಿ ತಡಿ!”

ರೆಕ್ಕೆ ನೆಟ್ಟಗೆ ನೀರು ದಾಟಿತು.

ಸಾಲಿನಲ್ಲಿದ್ದ ಉಳಿದವರೂ ಆಚೆ ದಡದಲ್ಲಿರುವ ಯಾರನ್ನೋ ಕೂಗಿಯೇ ಹಾರಿದರು. ಮಧ್ಯಾಹ್ನ ತೊಟ್ಟಿಲ ಸುತ್ತ ಜೋಗುಳ ಹಾಡಿದವರಲ್ಲಿ ಶಂಕ್ರವ್ವನ ದನಿಯೇ ಜೋರಾಗಿತ್ತು.