ಕೂಡಿಸದ ಚುಕ್ಕಿ

ಎಪ್ಪತ್ತು ವರ್ಷ ರಂಗೋಲಿಯನ್ನು ನೆಲಕ್ಕೇ ಸುರಿದ ನನ್ನ ಕೈಯಲ್ಲಿ ಚಿತ್ರದ ಪುಸ್ತಕ ಶುರು ಮಾಡಿಸಲು ಪಕ್ಕದ ಮನೆಯ ಜಯಂತಿ ಪುಸ್ತಕ-ಪೆನ್ನಿನ ಅಂಗಡಿಗೆ ಕರೆತಂದಿದ್ದಳು. ದಿನಾ ಬೆಳಿಗ್ಗೆ ನನ್ನ ರಂಗೋಲಿಯ ಫೋಟೋ ತೆಗೆಯುವವಳು ಅವಳೊಬ್ಬಳೇ.

“ನಂಗೆ ಸಾವಿರ ಬಣ್ಣ ಬೇಕು ಕಣೇ.”

“ಬೇಡ ಅಜ್ಜಿ. ದಪ್ಪ ಬಿಳಿ ಹಾಳೆ, ಕಪ್ಪು ಪೆನ್ನು ಸಾಕು. ಗೆರೆ ಎದ್ದು ಕಾಣ್ಬೇಕು.”

“ದೃಷ್ಟಿ ಆಗ್ದಿರ್ಲಿ ಅಂತ ಮೂಲೇಲಿ ಒಂದು ಚುಕ್ಕಿ ಕೂಡಿಸ್ದೆ ಬಿಡ್ತೀನಲ್ಲ, ನಮ್ಮಮ್ಮ ಬಿಡ್ತಿದ್ದಂಗೆ? ಅದನ್ನ ನೋಡಿ ನಿನ್ನ ಪೆನ್ನು ನಗಲ್ವಾ?”

“ನಿಮ್ಮಿಷ್ಟ. ಬೇಗ ಒಂದು ನೂರು ಬಿಡಿಸಿಕೊಡಿ.”

“ನೂರಾ? ನಾನು ಕೂತ್ರೆ ಈ ಊರಿನ ಕಾಗದವೆಲ್ಲ ಮುಗಿದುಹೋಗುತ್ತೆ!”

ಒಳಗಿನಿಂದ ಬಂದ ಅಂಗಡಿಯ ಯಜಮಾನ ನಗುತ್ತಾ ನನ್ನ ಮುಂದೆ ಒಂದು ಪುಸ್ತಕ ಇಟ್ಟ.

“ರಂಗೋಲಿನಾ ಅಜ್ಜಿ? ಇದನ್ನ ನೋಡ್ಕೊಳ್ಳಿ. ಬರ್ದೋರು ನಿಮ್ಮ ಪಕ್ಕದಲ್ಲೇ ಇದಾರೆ. ಮೇಡಂ, ಎರಡನೇ ಭಾಗ ಯಾವಾಗ?”

ಜಯಂತಿ ಪೆನ್ನುಗಳ ಕಡೆ ತಿರುಗಿದಳು.

ಅಕ್ಷರ ನನಗೆ ಅಷ್ಟಕ್ಕಷ್ಟೇ. ಮುಖಪುಟದ ಹೆಸರು ಓದದೆ ಪುಟ ತಿರುವಿದೆ.

ಒಂದೊಂದು ರಂಗೋಲಿಯ ಮೂಲೆಯಲ್ಲೂ ಒಂದು ಚುಕ್ಕಿ ಕೂಡಿಸದೆ ಉಳಿದಿತ್ತು.