ಎರಡನೆಯ ಬಾಟಲಿ

ಇಂದುಮತಿ ಚೀಲದಿಂದ ಇನ್ನೊಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಕುಳಿತಿದ್ದ ಕಂಪನಿಯ ಮಾಲೀಕ ಜಯಕರನ ಮುಖ ಕಪ್ಪಿಟ್ಟಿತು.

"ಎಂತ ಇದು? ಬೇಡ ಅಂತ ಹೇಳಿದ್ದಲ್ವಾ ನಾನು?" ಎಂದು ಕನ್ನಡದಲ್ಲಿ ಪಿಸುಗುಟ್ಟಿದ. ತಿರುವನಂತಪುರದ ಆ ಕಚೇರಿಯಲ್ಲಿ ಕಾಸರಗೋಡಿನ ಈ ಇಬ್ಬರನ್ನು ಬಿಟ್ಟರೆ ಯಾರಿಗೂ ಕನ್ನಡ ಬರುತ್ತಿರಲಿಲ್ಲ.

ಅಂಗನವಾಡಿಗಳಿಗೆ ನೆಲ ಒರೆಸುವ ದ್ರಾವಣ ಕೊಳ್ಳುವ ಸಮಿತಿಯ ಸಭೆ ಅದು. ಜಯಕರನ ಹಳೆಯ ದ್ರಾವಣ ತಾಗಿ ಕೈಯಲ್ಲಿ ದದ್ದು ಏಳುತ್ತದೆಂದು ದೂರು ಬಂದಿತ್ತು. ದ್ರಾವಣ ಕೆಡದಂತೆ ಹಾಕುತ್ತಿದ್ದ ರಾಸಾಯನಿಕವನ್ನು ಕೈಬಿಟ್ಟು, ಅದೇ ಜಾತಿಯ ಇನ್ನೊಂದನ್ನು ಹಾಕಿ, 'ಮಕ್ಕಳಿಗೆ ಸುರಕ್ಷಿತ' ಎಂದು ಬಾಟಲಿಗೆ ಚೀಟಿ ಅಂಟಿಸಿ ಅವನು ತಂದಿದ್ದ. ಎರ್ನಾಕುಳಂ ಪಕ್ಕದ ತ್ರಿಪ್ಪೂಣಿತ್ತುರದಲ್ಲಿದ್ದ ಅವನ ಫ್ಯಾಕ್ಟರಿಯ ಕೆಮಿಸ್ಟ್ ಇಂದುಮತಿ, ಆ ಹೊಸದರ ಕಾಗದಪತ್ರಗಳನ್ನೆಲ್ಲ ಜಾಲಾಡಿದ್ದಳು. ಚರ್ಮಕ್ಕೆ ತಾಗಿದರೆ, ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂಬ ಕಾಲಂಗಳೆಲ್ಲ ಖಾಲಿ.

"ಅಪಾಯ ಅಂತ ಎಲ್ಲಿಯೂ ಬರೆದಿಲ್ಲ ಅಲ್ವಾ?" ಎಂದಿದ್ದ ಜಯಕರ.

"ಬರೆದಿಲ್ಲ ಅಂದ್ರೆ ಯಾರೂ ಪರೀಕ್ಷೆ ಮಾಡ್ಲಿಲ್ಲ ಅಂತ, ಜಯಕರಣ್ಣ. ಮಕ್ಕಳು ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಹಾಕ್ತವೆ."

ನಾಲ್ಕು ತಿಂಗಳು ಕುಳಿತು, ಪರೀಕ್ಷೆಯಾಗಿ ಗುಣದೋಷ ತಿಳಿದಿರುವ ವಸ್ತುಗಳನ್ನಷ್ಟೇ ಸೇರಿಸಿ ಅವಳು ಬೇರೊಂದು ದ್ರಾವಣ ಮಾಡಿದ್ದಳು. ಆರೇ ತಿಂಗಳು ಬಾಳುತ್ತದೆಂದು ಜಯಕರ ಅದನ್ನು ಮೂಲೆಗೆ ತಳ್ಳಿದ್ದ.

"ಇದು ಯಾವ ಕಂಪನಿಯದ್ದು?" ಸಭೆ ನಡೆಸುತ್ತಿದ್ದ ಅಧಿಕಾರಿ ಎರಡನೆಯ ಬಾಟಲಿ ತೋರಿಸಿ ಮಲಯಾಳದಲ್ಲಿ ಕೇಳಿದರು.

"ಎರಡೂ ನಮ್ಮದೇ ಮೇಡಂ. ಆದರೆ ಸುರಕ್ಷಿತ ಎಂದು ನಾನು ಸಹಿ ಹಾಕುವುದು ಇದಕ್ಕೆ ಮಾತ್ರ."

"ಅದು ಆರು ತಿಂಗಳಿಗೇ ಕೆಡುತ್ತದೆ ಮೇಡಂ," ಜಯಕರ ಅವಸರದಿಂದ ನಡುವೆ ಬಾಯಿ ಹಾಕಿದ. "ನಾನು ತಂದದ್ದು ಎರಡು ವರ್ಷ ಬಾಳುತ್ತದೆ!"

ಇಂದುಮತಿಗೆ ಗೊತ್ತಿತ್ತು, ವಾಪಸು ಹೋಗುವ ರೈಲು ಎರ್ನಾಕುಳಂ ಮುಟ್ಟುವಷ್ಟರಲ್ಲಿ ಕೆಲಸ ಹೋಗಿರಬಹುದು. ಹೋದರೆ ಹೋಗಲಿ. ಮೇಜಿನ ಕೊನೆಯಲ್ಲಿ ಸಮಿತಿಯ ಸದಸ್ಯೆಯಾಗಿ ಕುಳಿತಿದ್ದ ಅಂಗನವಾಡಿ ಶಿಕ್ಷಕಿಯತ್ತ ಅವಳು ತಿರುಗಿದಳು.

"ಟೀಚರ್, ಒಂದು ಬಾಟಲಿ ನಿಮಗೆ ಎಷ್ಟು ದಿನ ಬರುತ್ತದೆ?"

ಶಿಕ್ಷಕಿಗೆ ನಗು ಬಂತು. "ಮೂವತ್ತು ಮಕ್ಕಳಲ್ಲವೇ ಮಗಳೇ? ಮಳೆಗಾಲದಲ್ಲಿ ಹದಿನೈದು ದಿನವೂ ಬರುವುದಿಲ್ಲ."

ಅಧಿಕಾರಿ ಎರಡನೆಯ ಬಾಟಲಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಕನ್ನಡಕ ತೆಗೆದು ಜಯಕರನನ್ನೇ ನೋಡಿದರು.

"ಹಾಗಾದರೆ ಆ ಎರಡು ವರ್ಷ ಯಾರಿಗೋಸ್ಕರ?"